ಟೈಮ್ ಟೇಬಲ್ಲಿನ ಬಸ್ಸು

ಫೆಬ್ರುವರಿ 4

ಅತ್ತಿಗೆ,

ಕಾಗದ ನೋಡಿ ಹೆದರಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಣ್ಣ ಪಕ್ಕದಲ್ಲೇ ಮಲಗಿರುತ್ತಾನೆ. ‘ಯಾರೇ ಅದು, ಪಟಾಕಿನಾ? ಕೊಡಿಲ್ಲಿ’ ಎಂದು ಕಿತ್ತುಕೊಳ್ಳುತ್ತಾನೆ, ಆಮೇಲೆ ನಮ್ಮ ಮಾತು ಮುಗಿದ ಹಾಗೇ. ಆಫೀಸಿನ ಇ-ಮೇಲಿನಲ್ಲಿ ಬರೆಯೋಣವೆಂದರೆ, ಪರೀಕ್ಷೆಗೆ ಬರುವ ಸ್ಯಾಂಪಲ್ಲುಗಳಿಗೆ ಹೆಸರಿಲ್ಲ, ಬರೀ ನಂಬರು, ಆ ನಂಬರುಗಳ ಹಿಂದಿರುವ ಮನುಷ್ಯರ ಬಗ್ಗೆ ನಾವು ಉಸಿರೆತ್ತುವ ಹಾಗಿಲ್ಲ. ಅಣ್ಣನ ನಂಬರು ನನಗೆ ಗೊತ್ತಿರಲೇಬಾರದು. ನೀವು ಬಾಯಿ ತಪ್ಪಿ ಹೇಳಿದಿರಿ, ನಾನು ಕೇಳಿಸದವಳ ಹಾಗೆ ಕೇಳಿಸಿಕೊಂಡೆ. ಅದಕ್ಕೇ ನಿಮ್ಮ ಲ್ಯಾಬಿನ ವಿಳಾಸಕ್ಕೆ ಈ ಕಾಗದ.

ವಿಷಯ ಇಷ್ಟು. ಅಣ್ಣನ ಗಡ್ಡೆಯ ಚೂರು ನಮ್ಮಲ್ಲಿಗೆ ಬಂದಿತ್ತಲ್ಲ, ಅದರ ಜೀನ್‌ಗಳನ್ನು ಇವತ್ತು ಓದಿ ಮುಗಿಸಿದೆ. ನಾವು ಹುಡುಕುತ್ತಿದ್ದ ಆ ಒಂದು ಜೀನ್ ಎಲ್ಲರಲ್ಲೂ ಎರಡೇ ಪ್ರತಿ ಇರಬೇಕು. ಅಣ್ಣನ ಗಡ್ಡೆಯಲ್ಲಿ ರಾಶಿ ಹಾಕಿಕೊಂಡು ಕೂತಿದೆ! ಹೊಸ ಮಾತ್ರೆ ಹೊಡೆಯುವುದು ಆ ಜೀನ್ ಮಾಡಿಸುವ ಪ್ರೊಟೀನನ್ನೇ. ಅತ್ತಿಗೆ, ಇವನ ಕಾಯಿಲೆಗೆ ಮಾತ್ರೆ ಇದೆ. ಕುರ್ಚಿಯಿಂದ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದೆ. ಕಾಲು ನೋಯುತ್ತಿದೆ, ಕಣ್ಣು ಉರಿಯುತ್ತಿದೆ, ಆದರೂ ನಗು ಬರುತ್ತಿದೆ.

ಆದರೆ ನಿಯಮ ನಿಮಗೇ ಗೊತ್ತಲ್ಲ. ನಮ್ಮ ಜೀನ್ ವರದಿ, ನಿಮ್ಮ ಪ್ರೊಟೀನ್ ವರದಿ, ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಮಾತ್ರೆ ಕೊಡುತ್ತಾರೆ. ನನ್ನ ಪಾಲಿನ ಕೆಲಸ ಮುಗಿಯಿತು. ನಿಮ್ಮದನ್ನು ಬೇಗ ಮಾಡಿ, ದಮ್ಮಯ್ಯ.

ನಿಮ್ಮ
ಪಟಾಕಿ


ಫೆಬ್ರುವರಿ 13

ಪಟಾಕಿ,

ನಿನ್ನ ಕಾಗದವನ್ನು ಮೆಷೀನ್ ರೂಮಿನಲ್ಲಿ ನಿಂತುಕೊಂಡೇ ಓದಿದೆ. ನಮ್ಮ ಹೊಸ ಹುಡುಗಿ ಬಂದು, ‘ಮೇಡಂ, ಊರಿಂದ ಏನಾದ್ರೂ ಕೆಟ್ಟ ಸುದ್ದಿನಾ?’ ಅಂದಳು. ಮುಖ ಹಾಗಿತ್ತು ಅಂತ ಕಾಣುತ್ತದೆ. ಒಳ್ಳೆಯ ಸುದ್ದಿಗೆ ಯಾವ ಮುಖ ಮಾಡಬೇಕು ಅನ್ನುವುದೇ ಮರೆತುಹೋಗಿದೆ ಕಣೇ.

ನಿಮ್ಮಣ್ಣನಿಗೆ ಹೇಳಿದೆ. ಅವರ ಮಾತು ಕೇಳು: ‘ನನ್ನ ತಂಗೀದು ಟೈಮ್ ಟೇಬಲ್ಲು, ನಿಂದು ಬಸ್ಸು. ಟೈಮ್ ಟೇಬಲ್ಲಲ್ಲಿ ಬರ್ದಿದ್ದ ಮಾತ್ರಕ್ಕೆ ಬಸ್ಸು ಬಂದ್ಬಿಡುತ್ತಾ? ಇಷ್ಟು ವರ್ಷ ಓಡಿಸಿದೀನಿ, ನನ್ನನ್ನ ಕೇಳು.’ ನಮ್ಮ ದೊಡ್ಡ ಮೇಡಂ ಒಂದು ಗಂಟೆ ಪರದೆ ಹಾಕಿ ವಿವರಿಸುವುದನ್ನು ಇವರು ಹಾಸಿಗೆಯಲ್ಲಿ ಮಲಗಿಕೊಂಡು ಹೇಳಿ ಮುಗಿಸಿದರು. ಜೀನ್ ಇದ್ದರೆ ಪ್ರೊಟೀನ್ ಆಗಬಹುದು, ಅಷ್ಟೇ. ನಿಜಕ್ಕೂ ಆಗಿದೆಯೋ ಇಲ್ಲವೋ ನಮ್ಮ ಮೆಷೀನೇ ಹೇಳಬೇಕು. ಆಮೇಲೆ ಮಗ್ಗುಲಾಗಿ, ‘ಮಾತ್ರೆ ತಗೊಂಡ್ರೆ ಮತ್ತೆ ಸ್ಟೇರಿಂಗ್ ಹಿಡೀಬಹುದೇನೇ?’ ಅಂದರು. ಡಿಪೋದ ಅಂಗಿಯನ್ನು ಇನ್ನೂ ಇಸ್ತ್ರಿ ಮಾಡಿ ಇಡಿಸಿಕೊಳ್ಳುತ್ತಾರೆ. ಅದರೊಳಗೆ ಈಗ ಇವರಂಥ ಇಬ್ಬರು ಹಿಡಿಸುತ್ತಾರೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೊಬ್ಬರು ಗೆಳತಿ ಸಿಕ್ಕಿದ್ದಾರೆ. ಒಬ್ಬ ಲೆಕ್ಕದ ಮೇಷ್ಟ್ರ ಹೆಂಡತಿ. ಮೇಷ್ಟ್ರಿಗೂ ಇದೇ ಕಾಯಿಲೆ, ಅವರ ಜೀನ್ ವರದಿಯೂ ಹೀಗೇ ಬಂದಿದೆಯಂತೆ, ಅವರೂ ನಮ್ಮ ಹಾಗೇ ಎರಡನೇ ವರದಿಗೆ ಕಾಯುತ್ತಿದ್ದಾರೆ. ಅಲ್ಲಿ ಬೆಂಚು ಕಡಿಮೆ, ಜನ ಜಾಸ್ತಿ. ಆಯಮ್ಮ ದಿನಾ ಪಕ್ಕದ ಜಾಗದಲ್ಲಿ ತಮ್ಮ ಚೀಲ ಇಟ್ಟು ಕಾದಿರುತ್ತಾರೆ. ನಾನು ಕಂಡ ಕೂಡಲೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ‘ಬನ್ನಿ ಬನ್ನಿ, ನಿಮ್ದೇ ಸೀಟು’ ಅನ್ನುತ್ತಾರೆ. ಹೆಚ್ಚು ಮಾತೇನೂ ಆಡುವುದಿಲ್ಲ. ಇಬ್ಬರೂ ಗೋಡೆಗೆ ತಲೆ ಆನಿಸಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತೇವೆ.

ನಿನ್ನೆ ಸ್ಯಾಂಪಲ್ಲುಗಳ ಟ್ರೇಯನ್ನು ಮೆಷೀನಿಗೆ ಇಟ್ಟೆ. ನಿಮ್ಮಣ್ಣನದೂ ಮೇಷ್ಟ್ರದ್ದೂ ಒಂದೇ ಟ್ರೇಯಲ್ಲಿವೆ. ಹೊಸ ಹುಡುಗಿ, ‘ನಾನಿಡ್ತೀನಿ ಮೇಡಂ, ನೀವು ಸುಸ್ತಾಗಿದೀರಿ’ ಅಂದಳು. ಕೊಡಲಿಲ್ಲ. ಅಷ್ಟು ದೊಡ್ಡ ಮೆಷೀನಿಗೆ ಓದು ಬರಹ ಬರುವುದಿಲ್ಲ ನೋಡು. ಟ್ರೇಯ ಗುಳಿಗಳಲ್ಲಿ ಸುರಿದ ಮೇಲೆ ಯಾರಿಗೂ ಹೆಸರಿಲ್ಲ, ಕೂತ ಜಾಗವೇ ಗುರುತು. ಟ್ರೇಯ ಒಂದು ಮೂಲೆ ಕತ್ತರಿಸಿರುತ್ತದೆ, ಆ ಮೂಲೆ ನಮ್ಮ ಎಡಗೈ ಕಡೆಗೆ ಬರಬೇಕು. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಅದು. ನನ್ನ ಗಂಡನದು, ನಾನೇ ಇಡುತ್ತೇನೆ ಅಂತ ಮೈಯೆಲ್ಲಾ ಕಣ್ಣಾಗಿ ಇಟ್ಟೆ. ಇನ್ನು ಕಾಯುವುದು.

ಸರಿಯಾಗಿ ಊಟ ಮಾಡು.

ಅತ್ತಿಗೆ


ಮಾರ್ಚ್ 9

ಅತ್ತಿಗೆ,

ಒಂದು ತಿಂಗಳಾಗುತ್ತಾ ಬಂತು, ನಿಮ್ಮಿಂದ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಅಣ್ಣ ಎತ್ತಿಕೊಂಡು, ‘ನಾನು ರಾಜನ ಹಾಗಿದೀನಿ, ನೀನು ಮದುವೆ ಯಾವಾಗ ಆಗ್ತೀಯ ಅದನ್ನ ಹೇಳು’ ಅನ್ನುತ್ತಾನೆ. ‘ಅತ್ತಿಗೆಗೆ ಕೊಡು’ ಎಂದರೆ ನೀವು ಯಾವಾಗಲೂ ಸ್ನಾನದ ಮನೆಯಲ್ಲಿ. ಅಷ್ಟು ಹೊತ್ತು ಸ್ನಾನ ಮಾಡುವಷ್ಟು ನೀರು ನಿಮ್ಮ ಮನೆಯಲ್ಲಿ ಯಾವತ್ತು ಬಂದಿತ್ತು?

ಇಲ್ಲಿ ನನ್ನ ಕೆಲಸ ಬದಲಾಗಿದೆ. ಇನ್ನು ಮೇಲೆ ಜೀನ್ ಮಾತ್ರ ಅಲ್ಲ. ಎಲ್ಲಾ ಊರುಗಳ ಜೀನ್ ಫೈಲು, ಪ್ರೊಟೀನ್ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಮಾಡುವವಳು ನಾನೇ. ಕೇಳಲು ಚೆನ್ನಾಗಿದೆ, ಮಾಡಲು ಕುತ್ತಿಗೆ ಬಿದ್ದುಹೋಗುತ್ತದೆ. ಸಂಜೆ ರೂಮಿಗೆ ಹೋಗಿ ದೀಪ ಹಾಕಲೂ ಬೇಸರವಾಗಿ ಹಾಗೇ ಮಲಗುತ್ತೇನೆ.

ವರದಿ ಏನಾಯಿತು? ಒಂದು ಸಾಲು ಬರೆದರೆ ಸಾಕು.

ಪಟಾಕಿ


ಮಾರ್ಚ್ 15

ಪಟಾಕಿ,

ಮೆಷೀನು ಕೆಟ್ಟಿದೆ. ರಿಪೇರಿಯವರು ಬರುತ್ತೇನೆ ಬರುತ್ತೇನೆ ಅನ್ನುತ್ತಿದ್ದಾರೆ. ಆದ ಮೇಲೆ ತಿಳಿಸುತ್ತೇನೆ.

ನಿಮ್ಮಣ್ಣ ಆರಾಮಾಗಿದ್ದಾರೆ. ಊಟ ಚೆನ್ನಾಗಿ ಮಾಡುತ್ತಾರೆ.

ಮೇಷ್ಟ್ರಿಗೆ ಹೊಸ ಮಾತ್ರೆ ಶುರುವಾಯಿತು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, ‘ನಿಮ್ಮ ಕೈಗುಣ ಒಳ್ಳೇದು ಕಣಮ್ಮ’ ಅಂದರು. ಮಾತ್ರೆಯಿಂದ ಬಾಯೆಲ್ಲಾ ಹುಣ್ಣಾಗಿದೆಯಂತೆ, ನೀರು ಬಿಟ್ಟು ಏನೂ ಇಳಿಯುತ್ತಿಲ್ಲವಂತೆ. ‘ಔಷಧಿ ಕೆಲಸ ಮಾಡ್ತಾ ಇದೆ, ಅದಕ್ಕೇ ಹಂಗೆ’ ಎಂದು ಆಯಮ್ಮನೇ ನನಗೆ ಸಮಾಧಾನ ಹೇಳಿದರು.

ನೀನು ಪದೇ ಪದೇ ಬರೆಯಬೇಡ. ನನಗೆ ಉತ್ತರ ಬರೆಯಲು ಪುರುಸೊತ್ತಿಲ್ಲ.

ಅತ್ತಿಗೆ


ಮಾರ್ಚ್ 22

ಅತ್ತಿಗೆ,

ಸುಳ್ಳು ಹೇಳುವವರಿಗೆ ನೆನಪಿನ ಶಕ್ತಿ ಇರಬೇಕು. ಮೆಷೀನು ಕೆಟ್ಟಿದ್ದರೆ ಮೇಷ್ಟ್ರ ವರದಿ ಹೇಗೆ ಬಂತು? ಇಬ್ಬರದೂ ಒಂದೇ ಟ್ರೇ ಎಂದು ನೀವೇ ಬರೆದಿದ್ದಿರಿ. ನಿಮ್ಮ ಮೆಷೀನು ಒಂದು ದಿನವೂ ನಿಂತಿಲ್ಲ, ವಿಚಾರಿಸಿದ್ದೇನೆ.

ನನಗೆ ಅರ್ಥವಾಗುವುದು ಒಂದೇ. ನಿಮಗೆ ಸಾಕಾಗಿದೆ. ಅಣ್ಣನನ್ನು ಮತ್ತೆ ಮಾತ್ರೆ, ಮತ್ತೆ ಆಸ್ಪತ್ರೆ ಅಂತ ಹೊತ್ತುಕೊಂಡು ತಿರುಗಲು ಆಗುತ್ತಿಲ್ಲ. ಆಗುವಷ್ಟು ದಿನ ಆಗಲಿ ಎಂದು ಕೈ ಕಟ್ಟಿ ಕೂತಿದ್ದೀರಿ. ಕಟ್ಟಿಕೊಂಡವರಿಗೆ ಬೇಸರ ಬರಬಹುದು ಅತ್ತಿಗೆ, ಒಡಹುಟ್ಟಿದವಳಿಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದವನು ಅವನು. ಟೈಮ್ ಟೇಬಲ್ ನಾನು ತಂದುಕೊಟ್ಟೆ. ಬಸ್ ಸ್ಟಾಪಿನ ತನಕ ಕರೆದುಕೊಂಡು ಹೋಗಲೂ ನಿಮಗೆ ಆಗದೆ?

ವರದಿ ಕಳಿಸಿ. ಇಲ್ಲವಾದರೆ ನಾನೇ ರಜೆ ಹಾಕಿ ಬರುತ್ತೇನೆ.


ಮಾರ್ಚ್ 28

ಬರಬೇಡ. ಬಂದರೆ ನಿನ್ನ ಮುಖ ನೋಡಿ, ನಾನು ನಿನಗೆ ಹೇಳಿಬಿಟ್ಟೆ ಅಂತ ನಿಮ್ಮಣ್ಣನಿಗೆ ಗೊತ್ತಾಗುತ್ತದೆ.

ವರದಿ ಫೆಬ್ರುವರಿಯಲ್ಲೇ ಬಂತು. ನಿಮ್ಮಣ್ಣನ ಜಾಗದಲ್ಲಿ ಆ ಪ್ರೊಟೀನ್ ಇಲ್ಲ. ಸ್ವಲ್ಪ ಇದೆ ಅಂತಲೂ ಅಲ್ಲ, ಇಲ್ಲವೇ ಇಲ್ಲ. ಗೆರೆ ಏಳಬೇಕಾದ ಕಡೆ ಪರದೆ ಬೋಳಾಗಿತ್ತು. ನಾನು ನಂಬದೆ ಬೆರಳಿಟ್ಟು ಇಟ್ಟು ನೋಡಿದೆ. ಜೀನ್ ಅಷ್ಟೊಂದು ಇದ್ದೂ ಪ್ರೊಟೀನ್ ಆಗದೆ ಇರುವುದು ಉಂಟು, ನಿನಗೂ ಗೊತ್ತು. ಹೊಡೆಯುವುದಕ್ಕೆ ಏನೂ ಇಲ್ಲದ ಮೇಲೆ ಮಾತ್ರೆ ಕೊಟ್ಟು ಏನು ಪ್ರಯೋಜನ? ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ನಿಮ್ಮಣ್ಣ, ‘ಬಸ್ಸು ಬರ್ಲಿಲ್ಲ ಅನ್ನಿ’ ಅಂದರು. ಮನೆಗೆ ಬಂದ ಮೇಲೆ, ‘ಪಟಾಕಿಗೆ ಮಾತ್ರ ಹೇಳ್ಬೇಡ ಕಣೇ. ಅವಳು ಹುಡುಕಿ ಕೊಟ್ಟಿದ್ದು ಅದು. ಇನ್ನೊಂದಷ್ಟು ದಿನ ಖುಷಿಯಾಗಿರ್ಲಿ’ ಅಂದರು. ಅದಕ್ಕೇ ನಾನು ಸ್ನಾನದ ಮನೆಯಲ್ಲಿ ಇರುತ್ತಿದ್ದುದು.

ಊಟ ಚೆನ್ನಾಗಿ ಮಾಡುತ್ತಾರೆ ಅಂತ ಬರೆದಿದ್ದೂ ಸುಳ್ಳು. ಎರಡು ತುತ್ತಿಗೆ ತಟ್ಟೆ ಸರಿಸುತ್ತಾರೆ. ಈಗೀಗ ಅಂಗಿ ಇಸ್ತ್ರಿ ಮಾಡಿಕೊಡು ಅಂತಲೂ ಕೇಳುವುದಿಲ್ಲ. ಹ್ಯಾಂಗರಿನಲ್ಲಿ ಹಾಗೇ ಇದೆ.

ಕಟ್ಟಿಕೊಂಡವರಿಗೆ ಬೇಸರ ಬರುತ್ತದೆ ಅಂದೆಯಲ್ಲ. ಬರುತ್ತದೆ ಕಣೇ. ಹಾಸಿಗೆ ಬಟ್ಟೆ ಒಗೆಯುವಾಗ ಬರುತ್ತದೆ, ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ‘ಬಂದ್ಯಾ’ ಅಂತ ಒಳಗಿನಿಂದ ಕೂಗಿದಾಗ ಬರುತ್ತದೆ. ಆ ಕೂಗು ನಿಂತುಹೋದರೆ ಅಂತ ಯೋಚನೆ ಬಂದರೆ ಬಾಗಿಲಲ್ಲೇ ಕೂತುಬಿಡುತ್ತೇನೆ. ಬೇಸರ ಅನ್ನುವುದು ನಿನಗೆ ಇನ್ನೂ ಗೊತ್ತಿಲ್ಲ ಪಟಾಕಿ, ಅದಕ್ಕೇ ಅಷ್ಟು ಸಲೀಸಾಗಿ ಬರೆದೆ.

ಇನ್ನು ಬರೆಯಲು ಏನೂ ಉಳಿದಿಲ್ಲ.


ಏಪ್ರಿಲ್ 19

ಅತ್ತಿಗೆ,

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ನಾನು ಆಡಿದ್ದು ಆಡಿಯಾಯಿತು. ಇಷ್ಟು ದಿನ ಬರೆಯಲು ಕೂತು ಕೂತು ಕಾಗದ ಹರಿದು ಹಾಕಿದೆ. ಸಾಧ್ಯವಾದರೆ ಹೊಟ್ಟೆಗೆ ಹಾಕಿಕೊಳ್ಳಿ, ಆಗದಿದ್ದರೆ ಬೇಡ. ಈ ಕಾಗದವನ್ನು ಮಾತ್ರ ಪೂರ್ತಿ ಓದಿ. ಓದುವ ಮೊದಲು ಕೂತುಕೊಳ್ಳಿ.

ನಿಮ್ಮಲ್ಲಿಯ ಪ್ರೊಟೀನ್ ಫೈಲುಗಳು ಈ ವಾರ ನನ್ನ ಕೈಗೆ ಬಂದವು. ಅಣ್ಣನದನ್ನು ಕೊನೆಗೆ ನೋಡೋಣವೆಂದು ಪಕ್ಕಕ್ಕಿಟ್ಟಿದ್ದೆ. ನೀವು ಕಂಡ ಆ ಬೋಳು ಗೆರೆಯನ್ನು ನಾನೂ ಕಂಡೆ. ಮುಚ್ಚಿಬಿಡಬೇಕು ಅನ್ನುವಷ್ಟರಲ್ಲಿ ಒಂದು ವಿಷಯ ನೆನಪಾಯಿತು. ನಮ್ಮ ಅಪ್ಪನಿಂದ ಅಣ್ಣನಿಗೂ ನನಗೂ ಬಂದ ಒಂದು ಸಣ್ಣ ಬದಲಾವಣೆ ಇದೆ. ರಕ್ತದಲ್ಲಿರುವ ಒಂದು ಪ್ರೊಟೀನನ್ನು ಮಣಿಸರ ಅಂದುಕೊಂಡರೆ, ನಮ್ಮ ಸರದಲ್ಲಿ ಒಂದು ಮಣಿ ಬೇರೆ. ಅದರಿಂದ ಕೇಡೂ ಇಲ್ಲ, ಒಳ್ಳೆಯದೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನದೇ ರಕ್ತ ಕೊಟ್ಟು ಕಲಿಯುವಾಗ ಕಂಡಿದ್ದು. ಅಣ್ಣನ ಜೀನ್‌ನಲ್ಲೂ ಅದು ಇದೆ, ಫೆಬ್ರುವರಿಯಲ್ಲೇ ನೋಡಿ ನಕ್ಕಿದ್ದೆ.

ಅಣ್ಣನ ಪ್ರೊಟೀನ್ ಫೈಲಿನಲ್ಲಿ ಆ ಮಣಿ ಇಲ್ಲ ಅತ್ತಿಗೆ.

ಗಡ್ಡೆ ಏನು ಬೇಕಾದರೂ ಆಟ ಆಡಲಿ, ಅಪ್ಪನಿಂದ ಬಂದದ್ದು ಎಲ್ಲಿಗೆ ಹೋಗುತ್ತದೆ? ಆ ಟ್ರೇಯ ಎಲ್ಲರದನ್ನೂ ತೆಗೆದೆ. ಪ್ರತಿಯೊಬ್ಬರಿಗೂ ಅವರವರ ಇಂಥ ಗುರುತುಗಳು ಇರುತ್ತವಲ್ಲ. ಒಬ್ಬರ ಜೀನೂ ಅವರದೇ ಪ್ರೊಟೀನಿಗೆ ತಾಳೆಯಾಗಲಿಲ್ಲ. ಆಮೇಲೆ ಟ್ರೇಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಕಾಗದವನ್ನು ತಲೆಕೆಳಗಾಗಿ ತಿರುಗಿಸಿದೆ. ಎಲ್ಲವೂ ತಾಳೆಯಾಯಿತು. ಮೊದಲನೆಯದು ಕೊನೆಯದಕ್ಕೆ, ಈ ಮೂಲೆಯದು ಆ ಮೂಲೆಗೆ.

ಟ್ರೇ ತಿರುಗಿ ಕೂತಿತ್ತು ಅತ್ತಿಗೆ. ನೀವು ಬೆರಳಿಟ್ಟು ನೋಡಿದ ಬೋಳು ಗೆರೆ ಬೇರೆ ಯಾರದೋ. ಎದುರು ಮೂಲೆಯ ನಂಬರಿನಲ್ಲಿ ನಮ್ಮ ಅಪ್ಪನ ಮಣಿ ಇದೆ, ಅಲ್ಲಿ ಆ ಪ್ರೊಟೀನ್ ಬೆಟ್ಟದ ಹಾಗೆ ಎದ್ದು ನಿಂತಿದೆ. ಅದು ಅಣ್ಣ.

ಫೋನ್ ಮಾಡಿದೆ. ಅಣ್ಣ ‘ಹಲೋ’ ಅಂದ. ದನಿ ಎಷ್ಟು ಸಣ್ಣಗಾಗಿದೆ! ಇಟ್ಟುಬಿಟ್ಟೆ. ಇನ್ನೊಂದು ಸಲ ಪರೀಕ್ಷೆ ಮಾಡದೆ ಅವನಿಗೆ ಆಸೆ ತೋರಿಸುವ ಧೈರ್ಯ ನನಗಿಲ್ಲ. ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಾಳೆ ನಿಮ್ಮ ಕೈ ಸೇರುತ್ತದೆ. ನಮ್ಮ ದೊಡ್ಡವರಿಗೆ ನಾಡಿದ್ದು ಬೆಳಿಗ್ಗೆ ಬರೆಯುತ್ತೇನೆ, ಬರೆಯಲೇಬೇಕು. ಅದಕ್ಕೆ ಮೊದಲು ನಿಮಗೆ ಗೊತ್ತಿರಲಿ. ಆ ಹೊಸ ಹುಡುಗಿ ಇಟ್ಟಿರಬೇಕು ಅಲ್ಲವೇ? ಪಾಪ, ಬಯ್ಯಬೇಡಿ. ನಾನೇ ಇಟ್ಟೆ ಅಂತ ನೀವು ಬರೆದ ನೆನಪು, ಆದರೆ ನಿಮ್ಮ ಕೈಯಲ್ಲಿ ಹೀಗಾಗಲು ಸಾಧ್ಯವಿಲ್ಲ.

ಎದುರು ಮೂಲೆಯ ನಂಬರು ಯಾರದು ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಪಟಾಕಿ


ಮೇ 6

ಪಟಾಕಿ,

ಹುಡುಗಿ ಅಲ್ಲ. ನಾನೇ.

ಮೈಯೆಲ್ಲಾ ಕಣ್ಣಾಗಿ ಇಟ್ಟೆ ಅಂತ ಬರೆದಿದ್ದೆನಲ್ಲ, ಇದ್ದ ಎರಡು ಕಣ್ಣೂ ಆವತ್ತು ನೆಟ್ಟಗಿರಲಿಲ್ಲ. ಟ್ರೇ ಹಿಡಿದು ಮೆಷೀನಿನ ಮುಂದೆ ನಿಂತಾಗ ಕಣ್ಣು ತುಂಬಿ ಬಂತು. ಟ್ರೇಯನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡೆ, ಮತ್ತೆ ಎತ್ತಿಕೊಂಡು ಒಳಗೆ ತಳ್ಳಿದೆ. ಕತ್ತರಿಸಿದ ಮೂಲೆ ಯಾವ ಕಡೆಗಿತ್ತೋ ನೋಡಲೇ ಇಲ್ಲ. ಬೇರೆಯವರ ಗಂಡನದಾಗಿದ್ದರೆ ನೋಡುತ್ತಿದ್ದೆ. ಹುಡುಗಿಯ ಕೈಗೆ ಕೊಟ್ಟಿದ್ದರೂ ಸಾಕಿತ್ತು.

ನಿನ್ನ ಕಾಗದ ಹಿಡಿದುಕೊಂಡು ನೇರ ದೊಡ್ಡ ಮೇಡಂ ಹತ್ತಿರ ಹೋದೆ. ಅವರು ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಮತ್ತೆ ಮಾಡಿದೆವು. ಈ ಸಲ ನಾನು ಕೈ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ, ಹುಡುಗಿ ಇಟ್ಟಳು. ನೀನು ಹೇಳಿದ್ದೇ ಸರಿ. ನನ್ನನ್ನು ಸದ್ಯಕ್ಕೆ ಮೆಷೀನ್ ರೂಮಿನಿಂದ ತೆಗೆದಿದ್ದಾರೆ. ಫ್ರೀಜರ್ ನೋಡಿಕೊಳ್ಳುತ್ತಿದ್ದೇನೆ. ನ್ಯಾಯವೇ.

ನಿಮ್ಮಣ್ಣನಿಗೆ ಮಾತ್ರೆ ಶುರುವಾಯಿತು. ‘ತಡ ಆಗಿದೆ, ಆದ್ರೂ ನೋಡೋಣ’ ಅಂದಿದ್ದಾರೆ ಡಾಕ್ಟರು. ‘ಲೇಟಾದ್ರೂ ಬಂತಲ್ಲೇ ಬಸ್ಸು!’ ಅಂತ ಇವರು ನಕ್ಕರು. ಆಮೇಲೆ, ‘ಹಾಗಾದ್ರೆ ಮೇಷ್ಟ್ರು ಹತ್ತಿದ್ದು?’ ಅಂದರು. ಇವರಿಗೆ ನಾನೇನೂ ಹೇಳಿರಲಿಲ್ಲ. ತಾವೇ ಲೆಕ್ಕ ಹಾಕಿಕೊಂಡಿದ್ದಾರೆ.

ಹೌದು ಕಣೇ, ಎದುರು ಮೂಲೆ ಮೇಷ್ಟ್ರದ್ದು. ಆಯಮ್ಮನ ತೊಡೆಯ ಮೇಲಿನ ಫೈಲಿನಲ್ಲಿ ಆ ನಂಬರನ್ನು ದಿನಾ ನೋಡುತ್ತಿದ್ದೆ. ಅವರ ಬೋಳು ಗೆರೆ ನೋಡಿ ನಾನು ಅತ್ತೆ, ನಮ್ಮ ಗೆರೆ ನೋಡಿ ಅವರು ನನ್ನ ಕೈ ಹಿಡಿದುಕೊಂಡರು. ಇಷ್ಟು ದಿನ ಆ ಮಾತ್ರೆ ಅವರಿಗೆ ಬಾಯಿ ಹುಣ್ಣು ಕೊಟ್ಟಿತೇ ಹೊರತು ಇನ್ನೇನನ್ನೂ ಕೊಡುವಂತಿರಲಿಲ್ಲ. ನಿಲ್ಲಿಸಿದ್ದಾರೆ. ‘ಡಾಕ್ಟರು ಹೇಳ್ತಾರೆ, ನೀವು ಹೋಗ್ಬೇಡಿ’ ಅಂದರು ಮೇಡಂ. ಡಾಕ್ಟರು ಹೇಳಿದ ಮಾರನೆಯ ದಿನ ನಾನೂ ಹೋದೆ. ಹೋಗದೆ ಇರಲು ಆಗಲಿಲ್ಲ.

ಅದೇ ಬೆಂಚು. ನಿಂತುಕೊಂಡೇ ಹೇಳಿದೆ, ಟ್ರೇ ಇಟ್ಟವಳು ನಾನು ಅಂತ. ಆಯಮ್ಮ, ‘ಹಾಗಾದ್ರೆ ಇವರು ಇಷ್ಟು ದಿನ ಊಟ ಬಿಟ್ಟಿದ್ದು ಸುಮ್ನೇನಾ?’ ಅಂದರು. ಹೌದು ಅಂದೆ.

‘ನಿಮ್ಮವರಿಗೆ ಶುರು ಮಾಡಿದ್ರಾ?’

‘ಹ್ಞೂಂ. ಸೋಮವಾರದಿಂದ.’

‘ಒಳ್ಳೇದಾಯ್ತು’ ಅಂದರು. ಕೊಂಕಿಗೆ ಅಂದದ್ದಲ್ಲ, ನಿಜವಾಗಿಯೇ ಅಂದರು.

ನನಗೆ ಖುಷಿಯಾಗಿದೆ ಪಟಾಕಿ. ಆಗಿಲ್ಲ ಅಂದರೆ ಸುಳ್ಳು, ಸುಳ್ಳು ಹೇಳಿ ಹೇಳಿ ಸಾಕಾಗಿದೆ. ನಿನ್ನೆ ಇವರು ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿದರು. ನಾನು ಒಳಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕಿದೆ. ಹಾಕುತ್ತಾ ಹಾಕುತ್ತಾ ಆ ಬೆಂಚೇ ಕಣ್ಣ ಮುಂದೆ ಬಂತು.

ಆವತ್ತು ಅವರ ಚೀಲ ಪಕ್ಕದ ಜಾಗದಲ್ಲೇ ಇತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಒಳಗಿನಿಂದ ನಿಮ್ಮಣ್ಣನ ಹೆಸರು ಕೂಗಿದರು, ಹೋದೆ.

ಅತ್ತಿಗೆ